ಗೋಡೆಯ ಮೇಲೆ ಫೋನ್ ನಂಬರ್ ಇದೆ

ಅಪರಾಧ ಮಾಡಿದವನು ತನ್ನ ಕಸುಬು, ಊರು, ಮೊಬೈಲ್ ಸಂಖ್ಯೆ ಎಲ್ಲವನ್ನೂ ಸ್ಥಳದಲ್ಲೇ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟು ಹೋದರೂ ಸಿಕ್ಕಿಬೀಳದ ಅಪರಾಧ ನನಗೆ ತಿಳಿದಂತೆ ಒಂದೇ: ಸಾರ್ವಜನಿಕ ಗೋಡೆ ಕೆಡಿಸುವುದು. ನಮ್ಮ ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನ ಕಾಂಪೌಂಡನ್ನೇ ತೆಗೆದುಕೊಳ್ಳಿ. ಬೋರ್‌ವೆಲ್ ಕೊರೆಯುವವರ ನಂಬರು ಕಪ್ಪು ಸ್ಟೆನ್ಸಿಲ್‌ನಲ್ಲಿ ಹತ್ತು ಹೆಜ್ಜೆಗೊಂದರಂತೆ ಬಿದ್ದಿದೆ. ಅದರ ಮೇಲೆ, ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಎನ್ನುವ ಹಳದಿ ಪೋಸ್ಟರ್. ಪಕ್ಕದಲ್ಲಿ ಸ್ಪೋಕನ್ ಇಂಗ್ಲಿಷ್ ತರಗತಿ, ಲೇಡೀಸ್ ಪಿ.ಜಿ., ದಾಖಲೆ ಕೇಳದೆ ಅರ್ಧ ಗಂಟೆಯಲ್ಲಿ ಸಾಲ. ಗೇಟಿನ ಎಡಬದಿಯನ್ನು ಭಾವಿ ಶಾಸಕರೊಬ್ಬರು ತಮ್ಮ ಹುಟ್ಟುಹಬ್ಬಕ್ಕಾಗಿ ಹಿಡಿದುಕೊಂಡಿದ್ದಾರೆ, ಶುಭ ಕೋರುವವರ ಮುಖಗಳೂ ಸಾಲಾಗಿ ಇವೆ. ಇಷ್ಟರ ನಡುವೆ ಉಳಿದಿರುವ ತುಸು ಜಾಗದಲ್ಲಿ ಕಾಲೇಜಿನವರೇ ಬರೆಸಿದ "ಇಲ್ಲಿ ಪೋಸ್ಟರ್ ಅಂಟಿಸುವುದು ಶಿಕ್ಷಾರ್ಹ ಅಪರಾಧ" ಎಂಬ ಸಾಲು ಇಣುಕುತ್ತದೆ. ಬೋರ್‌ವೆಲ್‌ನವನು "ಶಿಕ್ಷಾರ್ಹ" ಎಂಬುದರ ಮೇಲೆಯೇ ತನ್ನ ಅಚ್ಚು ಒತ್ತಿದ್ದಾನೆ.

ಗೀಚುಬರಹದ ಮಾತು ಬಂದರೆ ಟೋಪಿ ಹಾಕಿಕೊಂಡ ಹುಡುಗರು ನಡುರಾತ್ರಿ ಸ್ಪ್ರೇ ಡಬ್ಬಿ ಹಿಡಿದು ಓಡಾಡುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಂಥವರೂ ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ನಮ್ಮ ಊರುಗಳಲ್ಲಿ ಗೋಡೆ ಕೆಡಿಸುವವರಲ್ಲಿ ಬಹುಪಾಲು ಮಂದಿ ಮರ್ಯಾದಸ್ಥರು. ಅಂಗಡಿ ಇಟ್ಟವರು, ಕೋಚಿಂಗ್ ಕೇಂದ್ರ ನಡೆಸುವವರು, ಮುಂದಿನ ಚುನಾವಣೆಯ ಟಿಕೆಟ್ಟಿನ ಮೇಲೆ ಕಣ್ಣಿಟ್ಟವರು. ಅವರಿಗೆ ಗೋಡೆ ಎಂದರೆ ಬಾಡಿಗೆ ಕೇಳದ ಜಾಹೀರಾತು ಫಲಕ. ಕೂಲಿಗೊಬ್ಬ ಹುಡುಗ, ಒಂದು ಬಕೆಟ್ ಮೈದಾ ಅಂಟು, ಒಂದು ರಾತ್ರಿ ಸಾಕು. ಹುಡುಗ ಸಿಕ್ಕಿಬಿದ್ದರೆ ಬೀಳುವವನು ಅವನೊಬ್ಬನೇ.

ಕಾನೂನು ಇಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದೆ. ತೆರೆದ ಸ್ಥಳಗಳ ವಿರೂಪವನ್ನು ತಡೆಯಲೆಂದೇ ಕರ್ನಾಟಕದಲ್ಲಿ 1981ರ ಕಾಯ್ದೆಯೊಂದು ಇದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಅಂಟಿಸಿದರೆ, ಬರೆದರೆ, ಕೆತ್ತಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರ ಲಾಭಕ್ಕಾಗಿ ಆ ಜಾಹೀರಾತು ಇದೆಯೋ ಅವರನ್ನೂ ಕಾಯ್ದೆ ಹೊಣೆಯಾಗಿಸುತ್ತದೆ. ತನಗೆ ಗೊತ್ತಿಲ್ಲದೆ ನಡೆಯಿತು ಎಂದು ಆತನೇ ತೋರಿಸಿಕೊಡಬೇಕು. ಅಂದರೆ ಬಕೆಟ್ ಹಿಡಿದ ಹುಡುಗನನ್ನು ರಾತ್ರಿಯೆಲ್ಲ ಕಾಯಬೇಕಾಗಿಲ್ಲ, ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡಿದರೆ ಸಾಕು. ಸಾವಿರ ರೂಪಾಯಿ 1981ರಲ್ಲಿ ಕೈ ಸುಡುವ ಮೊತ್ತವಾಗಿತ್ತು. ಇವತ್ತು ಅದು ಪೋಸ್ಟರ್ ಅಚ್ಚು ಹಾಕಿಸುವ ಖರ್ಚಿನ ಒಂದು ಚೂರು. ಹಾಗಿದ್ದರೂ ಪೊಲೀಸ್ ಠಾಣೆಗೆ ಒಮ್ಮೆ ಹೋಗಿಬಂದ ಅಂಗಡಿಯವನು ಎರಡನೆಯ ಸಲ ಗೋಡೆಗೆ ಕೈ ಹಾಕುವ ಮೊದಲು ಯೋಚಿಸುತ್ತಾನೆ. ಆ ಮೊದಲನೆಯ ಸಲವೇ ಬರುವುದಿಲ್ಲ ಎಂಬುದು ಕಷ್ಟ.

ಏಕೆ ಬರುವುದಿಲ್ಲ? ನಾನು ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ಬದುಕು ಕಳೆದವನು. ಒಂದು ಕೆಲಸ ಯಾಕೆ ಆಗುತ್ತಿಲ್ಲ ಎಂದು ತಿಳಿಯಬೇಕಾದರೆ ದುಡ್ಡು ಯಾವ ಖಾತೆಯಿಂದ ಯಾವ ಖಾತೆಗೆ ಹೋಗುತ್ತದೆ ಎಂದು ಮೊದಲು ನೋಡುವುದು ರೂಢಿಯಾಗಿಬಿಟ್ಟಿದೆ. ಗೋಡೆಯ ವಿಷಯದಲ್ಲೂ ಹಾಗೇ ನೋಡಿದೆ. ನಗರಸಭೆಯಲ್ಲಿ ಜಾಹೀರಾತಿಗೆ ಪರವಾನಗಿ ಕೊಡುವುದು ಕಂದಾಯ ವಿಭಾಗ. ಊರನ್ನು ಚೊಕ್ಕಟವಾಗಿ ಇಡುವುದು ಆರೋಗ್ಯ ವಿಭಾಗ. ಗೋಡೆಗೆ ಬಣ್ಣ ಹೊಡೆಸುವುದು ಎಂಜಿನಿಯರಿಂಗ್ ವಿಭಾಗ. ಕೇಸು ಹಾಕುವವರು ಪೊಲೀಸರು. ಗೋಡೆಯ ಒಡೆತನ ಶಿಕ್ಷಣ ಇಲಾಖೆಯದೋ ಲೋಕೋಪಯೋಗಿ ಇಲಾಖೆಯದೋ ಆಗಿರುತ್ತದೆ. ಇಷ್ಟೂ ಮಂದಿ ಸೇರಿದರೆ ಮಾತ್ರ ಒಂದು ಪೋಸ್ಟರು ಕೆಳಗಿಳಿಯಬೇಕು ಎಂದಾದರೆ ಅದು ಮಳೆಗೆ ನೆನೆದು ತಾನೇ ಬೀಳುವವರೆಗೂ ಅಲ್ಲೇ ಇರುತ್ತದೆ. ನಾನು ಕೊಟ್ಟ ದೂರೊಂದು "ಇತ್ಯರ್ಥವಾಗಿದೆ" ಎಂಬ ಸಂದೇಶದೊಂದಿಗೆ ವಾಪಸು ಬಂದಿತ್ತು. ಜೊತೆಗೆ ಕಳಿಸಿದ್ದ ಫೋಟೊದಲ್ಲಿದ್ದ ಸ್ವಚ್ಛ ಗೋಡೆ ಬೇರೆ ಬೀದಿಯದು. ಯಾವ ಬೀದಿಯದೆಂದೂ ನನಗೆ ಗೊತ್ತಿದೆ, ಅಲ್ಲಿ ನನ್ನ ಷಡ್ಡಕರ ಮನೆ ಇದೆ.

ಇದಕ್ಕಿಂತ ಆಳದ ಕಾರಣವೊಂದಿದೆ. ಗೋಡೆಗೆ ಬಣ್ಣ ಬಳಿಸುವುದು ಒಂದು ಕಾಮಗಾರಿ. ಅದಕ್ಕೆ ಅಂದಾಜುಪಟ್ಟಿ, ಟೆಂಡರ್, ಅಳತೆ ಪುಸ್ತಕ, ಬಿಲ್ಲು ಎಲ್ಲ ಇರುತ್ತವೆ. ಮುಗಿದ ಮೇಲೆ ಒಂದು ಉದ್ಘಾಟನೆ, ಪತ್ರಿಕೆಯ ಜಿಲ್ಲಾ ಪುಟದಲ್ಲೊಂದು ಚಿತ್ರ. ಬಣ್ಣ ಬಳಿದ ಗೋಡೆಯ ಮೇಲೆ ಮಾರನೆಯ ದಿನ ಬಿದ್ದ ಗೀಚನ್ನು ಅಳಿಸುವುದು ಕಾಮಗಾರಿ ಅಲ್ಲ. ಅದಕ್ಕೆ ಲೆಕ್ಕಶೀರ್ಷಿಕೆ, ಅಂದರೆ ಖರ್ಚು ಬರೆದುಕೊಳ್ಳಲು ಬಜೆಟ್ಟಿನಲ್ಲೊಂದು ಬಾಬ್ತು, ಇಲ್ಲ, ಗುತ್ತಿಗೆದಾರ ಇಲ್ಲ, ಚಿತ್ರ ತೆಗೆಯುವವರೂ ಇಲ್ಲ. ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಕಟ್ಟುವುದು ಗೊತ್ತು, ಬಳಿಯುವುದು ಗೊತ್ತು, ಕಾಪಾಡಿಕೊಂಡು ಬರುವುದು ಮಾತ್ರ ಗೊತ್ತಿಲ್ಲ ಎಂದು ಹೇಳಿಬಿಡೋಣ ಎನಿಸುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ, ಏಕೆಂದರೆ ಅವರು ಮಾಡಿ ತೋರಿಸಿದ್ದನ್ನು ನಾನೇ ನೋಡಿದ್ದೇನೆ.

ಚುನಾವಣೆ ಘೋಷಣೆಯಾದ ದಿನ ನೆನಪಿಸಿಕೊಳ್ಳಿ. ವಿಧಾನಸಭೆಗೆ 2023ರ ಮಾರ್ಚ್ 29ರಂದು, ಲೋಕಸಭೆಗೆ 2024ರ ಮಾರ್ಚ್ 16ರಂದು ಆಯೋಗ ದಿನಾಂಕ ಪ್ರಕಟಿಸಿತು. ಆ ಗಳಿಗೆಯಿಂದ ಗಡಿಯಾರ ಶುರು. ಸರ್ಕಾರಿ ಕಟ್ಟಡಗಳ ಮೇಲಿನ ರಾಜಕೀಯ ಬರಹ, ಪೋಸ್ಟರ್ 24 ಗಂಟೆಯೊಳಗೆ ಹೋಗಬೇಕು. ಬಸ್ ನಿಲ್ದಾಣ, ರೈಲು ನಿಲ್ದಾಣ, ಸೇತುವೆ, ವಿದ್ಯುತ್ ಕಂಬಗಳಂಥ ಸಾರ್ವಜನಿಕ ಜಾಗಗಳಲ್ಲಿ 48 ಗಂಟೆ. ಖಾಸಗಿ ಗೋಡೆಗಳ ಮೇಲಿನ ಅನಧಿಕೃತ ಬರಹಕ್ಕೆ 72 ಗಂಟೆ. ಆಗುತ್ತದೆಯೇ ಎಂದರೆ, ಆಗುತ್ತದೆ. ವರ್ಷವಿಡೀ ಕಾಣದ ಏಣಿಗಳು, ಸುಣ್ಣದ ಬಕೆಟ್‌ಗಳು, ಟ್ರ್ಯಾಕ್ಟರ್‌ಗಳು ಬೆಳಗಾಗುವುದರೊಳಗೆ ಬೀದಿಗೆ ಇಳಿಯುತ್ತವೆ. ಪುತ್ಥಳಿಯ ಕೆಳಗಿನ ಫಲಕದಲ್ಲಿರುವ ಹೆಸರಿಗೂ ಕಾಗದ ಅಂಟಿಸುತ್ತಾರೆ. ಕಂದಾಯದವರು, ಆರೋಗ್ಯದವರು, ಎಂಜಿನಿಯರುಗಳು ಒಂದೇ ಜೀಪಿನಲ್ಲಿ ಕೂತು ಬರುವುದನ್ನು ನೋಡಬೇಕಾದರೆ ಆ ಮೂರು ದಿನ ಬೀದಿಯಲ್ಲಿರಬೇಕು. ಯಾರಿಗೂ ಹೊಸ ಅಧಿಕಾರ ಸಿಕ್ಕಿರುವುದಿಲ್ಲ. ಹೊತ್ತು ಗೊತ್ತು ಮಾಡಿ, ಮೀರಿದರೆ ಉತ್ತರ ಕೇಳುವವರು ಒಬ್ಬರು ಇರುತ್ತಾರೆ, ಅಷ್ಟೇ.

ಇದರಲ್ಲೊಂದು ತಮಾಷೆ. ಆಯೋಗದ ಸೂಚನೆ ಇರುವುದು ರಾಜಕೀಯ ಪ್ರಚಾರದ ಬಗ್ಗೆ ಮಾತ್ರ. ಹಾಗಾಗಿ ಭಾವಿ ಶಾಸಕರ ಮುಖಕ್ಕೆ ಸುಣ್ಣ ಬಳಿದವನು ಅದಕ್ಕೆ ಅಂಟಿಕೊಂಡೇ ಇರುವ ಮೂಲವ್ಯಾಧಿಯ ಪೋಸ್ಟರನ್ನು ಮುಟ್ಟುವುದಿಲ್ಲ. ಬಿಳಿ ಚೌಕದ ಪಕ್ಕದಲ್ಲಿ ಅದು ಮೊದಲಿಗಿಂತ ಎದ್ದು ಕಾಣುತ್ತದೆ.

ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಇಂಥದೇ ಒಂದು ಗಡಿಯಾರ ಓಡಿತ್ತು. ಆಗ ಹೈಕೋರ್ಟ್ ಅನಧಿಕೃತ ಫ್ಲೆಕ್ಸ್‌ಗಳ ಬಗ್ಗೆ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡಿತು. ಅದೇ ದಿನ ಸಾವಿರಾರು ಫ್ಲೆಕ್ಸ್‌ಗಳು ಕೆಳಗಿಳಿದವು. ನಗರದ ಎಷ್ಟೋ ವೃತ್ತಗಳು ಹೇಗಿವೆ ಎಂದು ಜನ ಮೊದಲ ಬಾರಿಗೆ ನೋಡಿದರು. ಫ್ಲೆಕ್ಸ್‌ಗಳು ಮತ್ತೆ ಬಂದವು ಎಂದು ಬೇರೆ ಹೇಳಬೇಕಾಗಿಲ್ಲ.

ಅಳಿಸುವ ಕೈಗಳ ಬಗ್ಗೆಯೂ ಹೇಳಬೇಕು. ಬೆಳಗಿನ ನಡಿಗೆಗೆ ಹೋದಾಗ ಹಳೆಯ ಬಸ್ ನಿಲ್ದಾಣದ ಕಂಬಗಳನ್ನು ಕೆರೆಯುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರನ್ನು ನಿಂತು ನೋಡಿದೆ. ಮೊದಲು ಮಗ್ಗಿನಿಂದ ನೀರು ಎರಚಿ, ಕಾಗದ ನೆನೆಯುವವರೆಗೆ ಮುಂದಿನ ಕಂಬಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದು ಕೆರೆಯುತ್ತಿದ್ದರು. ಕೈಯಲ್ಲಿದ್ದದ್ದು ಎಣ್ಣೆ ಡಬ್ಬಿಯಿಂದ ಕತ್ತರಿಸಿ ಅಂಚು ಮಡಿಸಿದ ತಗಡಿನ ತುಂಡು. ಕೈಗವಸು ಇರಲಿಲ್ಲ. ಒಂದು ಪದರ ಕಿತ್ತರೆ ಕೆಳಗೆ ಇನ್ನೊಂದು: ಮೇಲೆ ನಾಟಕ ಕಂಪನಿ, ಅದರಡಿ ಶ್ರದ್ಧಾಂಜಲಿ, ಅದರಡಿ ಟ್ಯೂಷನ್, ಅದರಡಿ ಕಳೆದ ವರ್ಷದ ಜಾತ್ರೆ. "ಬರೀ ಮೈದಾ ಅಂಟಾದರೆ ಬರುತ್ತದೆ ಸಾರ್. ಫೆವಿಕಾಲ್ ಬೆರೆಸಿದ್ದರೆ ಉಗುರು ಕಿತ್ತರೂ ಬರುವುದಿಲ್ಲ," ಎಂದರು. ಹುಳು ಹಿಡಿಯದಿರಲಿ, ದನ ತಿನ್ನದಿರಲಿ ಎಂದು ಅಂಟಿಗೆ ಮೈಲುತುತ್ತ ಬೆರೆಸುವವರೂ ಇದ್ದಾರೆ, ಅದು ಬಿರುಕು ಬಿಟ್ಟ ಬೆರಳಿಗೆ ತಾಗಿದರೆ ಉರಿಯುತ್ತದೆ. "ಬೀದಿ ಗುಡಿಸಿದರೆ ಹಾಜರಿ ಸಿಗುತ್ತದೆ. ಇದನ್ನು ಮಾಡಿದೆವು ಎಂದು ಬರೆದುಕೊಳ್ಳುವುದಕ್ಕೆ ಪುಸ್ತಕವೇ ಇಲ್ಲ," ಎಂದರು. ಲೆಕ್ಕಶೀರ್ಷಿಕೆ ಇಲ್ಲದ ಕೆಲಸ ಎಂದು ನಾನು ಕಡತದ ಭಾಷೆಯಲ್ಲಿ ಅಂದುಕೊಂಡಿದ್ದನ್ನೇ ಅವರು ಒಂದು ಸಾಲಿನಲ್ಲಿ ಹೇಳಿ ಮುಂದಿನ ಕಂಬಕ್ಕೆ ಹೋದರು.

ಅಳಿಸುವ ಬದಲು ಚಿತ್ರ ಬರೆಸಿದರೆ ಹೇಗೆ ಎಂಬ ಯೋಚನೆ ಹೊಸದಲ್ಲ. ಬೆಂಗಳೂರು ಪಾಲಿಕೆ 2009ರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. ಪೋಸ್ಟರ್ ಹಾವಳಿಗೆ ಉತ್ತರವಾಗಿ ಮುಖ್ಯ ರಸ್ತೆಗಳ ಗೋಡೆಗಳ ಮೇಲೆ ಜೋಗ ಜಲಪಾತ, ಹಂಪಿಯ ಕಲ್ಲಿನ ರಥ, ಯಕ್ಷಗಾನದ ವೇಷ, ಹುಲಿ, ಆನೆ ಎಲ್ಲ ಎದ್ದವು. ಬರೆದವರಲ್ಲಿ ಬಹಳ ಮಂದಿ ಒಂದು ಕಾಲಕ್ಕೆ ಸಿನಿಮಾ ಬ್ಯಾನರ್, ಕಟೌಟ್ ಬರೆಯುತ್ತಿದ್ದವರು. ಫ್ಲೆಕ್ಸ್ ಮುದ್ರಣ ಬಂದು ಅವರ ಹೊಟ್ಟೆಯ ಮೇಲೆ ಹೊಡೆದಿತ್ತು. ಅದೇ ಪೋಸ್ಟರ್, ಫ್ಲೆಕ್ಸ್‌ಗಳನ್ನು ಗೋಡೆಯಿಂದ ದೂರ ಇಡಲು ಪಾಲಿಕೆ ಅವರನ್ನು ಮತ್ತೆ ಏಣಿ ಹತ್ತಿಸಿತು. ಕಲೆಯ ಕಣ್ಣುಳ್ಳವರು ಆ ಚಿತ್ರಗಳನ್ನು ಕ್ಯಾಲೆಂಡರ್ ಎಂದು ಮೂಗು ಮುರಿದರು. ನನಗೆ ಅವು ಇಷ್ಟವಾಗಿದ್ದವು. ಬಸ್ಸಿನ ಕಿಟಕಿಯಿಂದ ನೋಡಲು ಜೋಗ ಸಿಕ್ಕರೆ ಯಾರಿಗೆ ಬೇಡ? ಒಂದಷ್ಟು ಕಾಲ ಜನ ಆ ಗೋಡೆಗಳನ್ನು ಮುಟ್ಟಲೂ ಇಲ್ಲ. ಆಮೇಲೆ ಬಿಸಿಲಿಗೆ ಬಣ್ಣ ಮಾಸಿತು, ಹುಲಿಯ ಬಾಲದ ಕಡೆಯಿಂದ ಪ್ಲಾಸ್ಟರ್ ಉದುರಿತು, ಉದುರಿದ ಜಾಗದಲ್ಲಿ ಮೊದಲ ಪೋಸ್ಟರ್ ಬಂತು. ಚಿತ್ರಕ್ಕೆ ಬಿಲ್ಲು ಆಗಿತ್ತು, ಚಿತ್ರದ ಆರೈಕೆಗೆ ಆಗಿರಲಿಲ್ಲ.

ಆರೈಕೆಯನ್ನು ಲೆಕ್ಕಕ್ಕೆ ಹಿಡಿದವರು ಬೆಂಗಳೂರಿನಲ್ಲೇ ಹುಟ್ಟಿದ "ದಿ ಅಗ್ಲಿ ಇಂಡಿಯನ್" ಎಂಬ ಗುಂಪಿನವರು. 2010ರಿಂದ ಹೆಸರು, ಮುಖ ತೋರಿಸದೆ ಕೆಲಸ ಮಾಡಿದವರು ಅವರು. ಕಸದ ಮೂಲೆಗಳನ್ನು ಸರಿಪಡಿಸಿದರು, ಮೇಲ್ಸೇತುವೆಯ ಕಂಬಗಳಿಗೆ ತ್ರಿಕೋನಗಳ ವಿನ್ಯಾಸ ಬಳಿದರು, ಗೋಡೆಯ ಕೆಳಭಾಗಕ್ಕೆ ಇಟ್ಟಿಗೆಗೆಂಪಿನ ಪಟ್ಟಿ ಹಾಕಿದರು. ಆ ಕೆಂಪು ಸುಮ್ಮನೆ ಆರಿಸಿದ್ದಲ್ಲ, ಎಲೆಯಡಿಕೆ ಉಗುಳಿದರೂ ಕಲೆ ಎದ್ದು ಕಾಣುವುದಿಲ್ಲ. ತ್ರಿಕೋನಗಳ ಗುಣವೂ ಅಂಥದೇ: ಒಂದು ತುಂಡು ಹಾಳಾದರೆ ಟೇಪು ಅಂಟಿಸಿ ಯಾರು ಬೇಕಾದರೂ ಆ ತುಂಡನ್ನಷ್ಟೇ ಮತ್ತೆ ಬಳಿಯಬಹುದು. ಹುಲಿಯ ಮುಖ ಹಾಳಾದರೆ ಕಲಾವಿದನನ್ನೇ ಕರೆಯಬೇಕು.

ಮೂತ್ರ ಮಾಡುವವರನ್ನು ತಡೆಯಲು ದೇವರ ಚಿತ್ರದ ಟೈಲ್ಸ್ ಅಂಟಿಸುವ ವಿಧಾನದ ಬಗ್ಗೆ ಎಲ್ಲರಿಗೂ ಗೊತ್ತು. ದೇವರಿಗೆ ಕಾವಲಿನ ಡ್ಯೂಟಿ ಹಾಕುವುದು ನನಗೆ ಸರಿಬರುವುದಿಲ್ಲ. ಶೌಚಾಲಯ ಕಟ್ಟಿಸುವುದು ಅಗ್ಗ, ಗೌರವವೂ ಹೆಚ್ಚು. ಇನ್ನು ಸ್ವಚ್ಛ ಸರ್ವೇಕ್ಷಣ್ ಬಂದ ಮೇಲೆ ಊರೂರಿನ ಗೋಡೆಗಳ ಮೇಲೆ ನಗರಸಭೆಯೇ ಘೋಷಣೆ ಬರೆಸತೊಡಗಿದೆ. ಹಸಿ ಕಸ, ಒಣ ಕಸ, ಎರಡು ಬುಟ್ಟಿ, ಒಂದು ಕನ್ನಡಕ. ಮೊದಲು ಆ ಗೋಡೆಯ ಮೇಲೆ ಬೋರ್‌ವೆಲ್‌ನವನು ಬರೆದಿದ್ದ, ಈಗ ನಗರಸಭೆ ಬರೆದಿದೆ. ಬರೆಯದ ಗೋಡೆಯನ್ನು ಸಹಿಸುವ ಶಕ್ತಿ ಇಬ್ಬರಿಗೂ ಇಲ್ಲ.

ಬೇಗ ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ನ್ಯೂಯಾರ್ಕ್ ಸಬ್‌ವೇ ರೈಲುಗಳದು. 1984ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಒಂದು ನಿಯಮ ಮಾಡಿತು: ಒಮ್ಮೆ ಶುಚಿಗೊಳಿಸಿದ ಬೋಗಿಯ ಮೇಲೆ ಮತ್ತೆ ಗೀಚು ಬಿದ್ದರೆ ಅದನ್ನು ಅಳಿಸುವವರೆಗೆ ಓಡಿಸುವಂತಿಲ್ಲ. ಬರೆದವನಿಗೆ ತನ್ನ ಬರಹ ಊರಿಡೀ ತಿರುಗುವುದನ್ನು ನೋಡುವ ಸುಖ ತಪ್ಪಿತು. 1989ರ ಮೇ 12ರಂದು ಗೀಚು ತುಂಬಿದ ಕೊನೆಯ ರೈಲು ಸೇವೆಯಿಂದ ಹೊರಹೋಯಿತು. ಐದು ವರ್ಷ, ದಿನಾ, ಬೇಸರಿಸದೆ ಮಾಡಿದ ಕೆಲಸ ಅದು. ನನಗೆ ಇನ್ನೂ ಹಿಡಿಸುವುದು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ನಗರದ ಒಂದು ಸಣ್ಣ ಪ್ರಯೋಗ, 2008ರಲ್ಲಿ ಪ್ರಕಟವಾದದ್ದು. ಸೈಕಲ್ ನಿಲ್ಲಿಸುವ ಓಣಿಯಲ್ಲಿ ಪ್ರತಿ ಸೈಕಲ್ಲಿನ ಹ್ಯಾಂಡಲ್‌ಗೂ ಒಂದೊಂದು ಕರಪತ್ರ ಸಿಕ್ಕಿಸಿದರು. ಹತ್ತಿರದಲ್ಲಿ ಕಸದ ಬುಟ್ಟಿ ಇಡಲಿಲ್ಲ. ಗೋಡೆ ಚೊಕ್ಕಟವಾಗಿದ್ದಾಗ ಶೇಕಡ 33ರಷ್ಟು ಮಂದಿ ಕರಪತ್ರವನ್ನು ನೆಲಕ್ಕೆ ಎಸೆದರು. ಗೋಡೆಯ ತುಂಬ ಗೀಚಿದಾಗ ಶೇಕಡ 69. ಗೀಚಬಾರದು ಎಂಬ ಫಲಕ ಎರಡೂ ಸಲ ಅಲ್ಲೇ ಇತ್ತು. ಫಲಕದ ಕಣ್ಣೆದುರೇ ಅದರ ಮಾತು ಮೀರಿದ್ದು ಕಂಡಾಗ ಜನ ಬೇರೆ ನಿಯಮಗಳನ್ನೂ ಕೈಬಿಡುತ್ತಾರೆ ಎಂದಾಯಿತು. ನಮ್ಮ ಕಾಲೇಜಿನ ಗೋಡೆಯ ಬುಡದಲ್ಲಿ ಪ್ಲಾಸ್ಟಿಕ್ ಚೀಲಗಳ ರಾಶಿ ಏಕೆ ಬೀಳುತ್ತದೆ ಎಂದು ನಗರಸಭೆಯವರು ಆಗಾಗ ಅಚ್ಚರಿಪಡುತ್ತಾರೆ.

ಎಲ್ಲ ಗೋಡೆಬರಹವೂ ಒಂದೇ ತೂಕದ್ದಲ್ಲ. ನಮ್ಮ ವಾರ್ಡಿನ ನೀರಿನ ಟ್ಯಾಂಕಿನ ಗೋಡೆಯ ಮೇಲೆ ಒಂದು ಶನಿವಾರ ಬೆಳಿಗ್ಗೆ ಹುಡುಗಿಯೊಬ್ಬಳ ಹೆಸರು ಕಾಣಿಸಿಕೊಂಡಿತು. ಕೆಂಪು ಎನಾಮೆಲ್ ಬಣ್ಣ, ಮೊಳದುದ್ದ ಅಕ್ಷರ. ಪಕ್ಕದಲ್ಲೊಬ್ಬ ಹುಡುಗನ ಹೆಸರು, ಕೆಳಗೆ ಇಲ್ಲಿ ಬರೆಯಬಾರದ ಒಂದು ಮಾತು. ಹುಡುಗಿಯ ತಂದೆ ನಮ್ಮ ಬೀದಿಯ ದರ್ಜಿ. "ಅಣ್ಣಾ, ನಿಮಗೆ ಆಫೀಸಿನವರ ಪರಿಚಯ ಇದೆಯಲ್ಲ, ಒಂದು ಮಾತು ಹೇಳಿ," ಎಂದು ಮನೆಗೆ ಬಂದರು. ಹೇಳಿದೆ. ಅದು ಎರಡನೆಯ ಶನಿವಾರ. ಸೋಮವಾರ ನೋಡೋಣ ಎಂದರು. ಸೋಮವಾರ, ಟ್ಯಾಂಕು ನೀರು ಸರಬರಾಜು ಮಂಡಳಿಗೆ ಸೇರಿದ್ದು ಎಂದರು. ಅಷ್ಟರಲ್ಲಿ ತಂದೆಯೇ ಭಾನುವಾರ ನಸುಕಿನಲ್ಲಿ ಹೋಗಿ ಸುಣ್ಣ ಬಳಿದು ಬಂದಿದ್ದರು. ಎನಾಮೆಲ್ ಮೇಲೆ ಸುಣ್ಣ ಹಿಡಿಯುವುದಿಲ್ಲ. ಒಣಗಿದ ಹಾಗೆ ಪುಡಿಯಾಗಿ ಉದುರಿ, ಬಿಳಿಯ ನಡುವೆ ಅಕ್ಷರಗಳು ಮೊದಲಿಗಿಂತ ಸ್ಪಷ್ಟವಾಗಿ ಕಂಡವು. ಕೊನೆಗೆ ನಾವು ಬೀದಿಯವರೇ ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಹೊಡೆದು, ಅದರ ಮೇಲೆ ಎಮಲ್ಷನ್ ಬಳಿದೆವು. ಅಷ್ಟೂ ದಿನ ಆ ಮಗು ಕಾಲೇಜಿಗೆ ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಿತ್ತು.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದಾಗ ಅಲ್ಲಿನ ಕ್ರಮ ತಿಳಿಸಿದಳು. ಅಲ್ಲಿನ ಬಹಳಷ್ಟು ಕೌನ್ಸಿಲ್‌ಗಳು ಗೋಡೆಬರಹವನ್ನು ಎರಡು ಗುಂಪು ಮಾಡಿಕೊಂಡಿವೆ. ಜನಾಂಗ ದ್ವೇಷದ, ಅಶ್ಲೀಲದ, ಒಬ್ಬ ವ್ಯಕ್ತಿಯನ್ನು ಗುರಿಯಾಗಿಸಿದ ಬರಹವಾದರೆ ದೂರು ಬಂದ 24 ಗಂಟೆಯೊಳಗೆ ಅಳಿಸುವ ಗುರಿ. ಉಳಿದದ್ದು ಸರದಿಯ ಮೇಲೆ, ಕೆಲವು ದಿನ ಹಿಡಿದರೂ ಸರಿ. ಖಾಸಗಿ ಗೋಡೆಯಾದರೆ ಸಾಮಾನ್ಯವಾಗಿ ಒಡೆಯನದೇ ಖರ್ಚು. 2003ರ ಕಾಯ್ದೆಯೊಂದು 16 ವರ್ಷದೊಳಗಿನವರಿಗೆ ಸ್ಪ್ರೇ ಬಣ್ಣ ಮಾರುವುದನ್ನೂ ಅಪರಾಧ ಮಾಡಿದೆ. ಅಲ್ಲಿಯೂ ಗೀಚು ನಿಂತಿಲ್ಲ, ರೈಲಿನ ಕಿಟಕಿಯಿಂದ ನೋಡಿದರೆ ಹಳಿಯುದ್ದಕ್ಕೂ ಇದೆ ಎಂದು ಅವಳೇ ಹೇಳುತ್ತಾಳೆ. ನನಗೆ ಬೇಕಾಗಿದ್ದು ಆ ವಿಂಗಡಣೆ ಒಂದೇ. ಎಲ್ಲ ಗೋಡೆಯನ್ನೂ ಇವತ್ತೇ ತೊಳೆಯಲಾಗದು, ಸರಿ. ಒಬ್ಬಳು ಹುಡುಗಿಯ ಹೆಸರನ್ನು ಇವತ್ತೇ ಅಳಿಸಲಾಗದ ಊರಿಗೆ ಮಿಕ್ಕ ಗೋಡೆಗಳ ಬಗ್ಗೆ ಮಾತಾಡುವ ಯೋಗ್ಯತೆ ಇದೆಯೇ?

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಗೋಡೆಯನ್ನು ಪೂರ್ತಿ ಬಾಯಿ ಮುಚ್ಚಿಸಿದ ಊರು ನನಗೆ ಬೇಡ. 1980ರ ದಶಕದಲ್ಲಿ ರೈತ ಸಂಘದವರು ಹಳ್ಳಿ ಹಳ್ಳಿಯ ಬಾಗಿಲಲ್ಲಿ, ಸಂಘದ ಅನುಮತಿ ಇಲ್ಲದೆ ಸರ್ಕಾರಿ ಅಧಿಕಾರಿಗಳಿಗೆ ಪ್ರವೇಶವಿಲ್ಲ ಎಂಬ ಅರ್ಥದ ಫಲಕ ಹಾಕಿದ್ದರು. ಅದನ್ನು ನೋಡಿ ಬೆಳೆದ ನಮ್ಮ ತಲೆಮಾರಿಗೆ ಬರಹದ ತಾಕತ್ತು ಗೊತ್ತಿದೆ. ಕಾವಾ ಎಂಬ ದೃಶ್ಯಕಲಾ ಕಾಲೇಜಿನಲ್ಲಿ ಕಲಿತ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ದೊಡ್ಡ ಗುಂಡಿಯಲ್ಲಿ ಮೊಸಳೆಯ ಒಂದು ಪ್ರತಿಕೃತಿ ತಂದಿಟ್ಟು, ಸುತ್ತ ಕೆರೆಯ ನೀರಿನ ಬಣ್ಣ ಬಳಿದರು. 2019ರಲ್ಲಿ ಹೇರೋಹಳ್ಳಿಯ ರಸ್ತೆಯ ಗುಂಡಿಗಳ ನಡುವೆ ಗಗನಯಾತ್ರಿಯ ದಿರಿಸು ತೊಟ್ಟವರನ್ನು ನಡೆಸಿ, ಚಂದ್ರನ ಮೇಲೆ ನಡೆದಂತೆ ಕಾಣುವ ವಿಡಿಯೊ ಮಾಡಿದರು. ಎರಡು ಸಲವೂ ಪಾಲಿಕೆಯವರು ಓಡಿ ಬಂದು ಗುಂಡಿ ಮುಚ್ಚಿದರು. ಅನುಮತಿ ಪಡೆಯದೆ ರಸ್ತೆಗೆ ಬಣ್ಣ ಬಳಿದದ್ದೂ ಅಕ್ಷರಶಃ ನೋಡಿದರೆ ತಪ್ಪೇ ಇರಬಹುದು. ಆದರೆ ಆ ಬಣ್ಣ ಯಾರ ಫೋನ್ ನಂಬರನ್ನೂ ಮಾರುತ್ತಿರಲಿಲ್ಲ. 2020ರ ಜನವರಿಯಲ್ಲಿ ಚರ್ಚ್ ಸ್ಟ್ರೀಟ್‌ನ ಗೋಡೆ, ಅಂಗಡಿ ಬಾಗಿಲುಗಳ ಮೇಲೆ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಬರಹ ಕಂಡಾಗ ಪೊಲೀಸರು ಕೂಡಲೇ ಪ್ರಕರಣ ದಾಖಲಿಸಿದರು. ಆ ಬರಹವನ್ನು ಒಪ್ಪುವವರು, ಒಪ್ಪದವರು ಇಬ್ಬರೂ ಇರಲಿ. ಮೂಲವ್ಯಾಧಿಯ ಪೋಸ್ಟರಿಗೆ ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡ ವ್ಯವಸ್ಥೆಗೆ ಘೋಷಣೆಯ ಮುಂದೆ ಮಾತ್ರ ನಿದ್ದೆ ಬಿಡುತ್ತದೆ ಎಂಬುದನ್ನು ಗಮನಿಸದೆ ಇರಲಾಗದು.

ಸ್ಪ್ರೇ ಡಬ್ಬಿಯ ಹುಡುಗರ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಸುಂಕದಕಟ್ಟೆಯ ಜನ ಬೆಳಿಗ್ಗೆ ಎದ್ದು ನೋಡಿದರೆ ಒಂದು ಖಾಸಗಿ ಶಾಲೆಯ ಮೆಟ್ಟಿಲು, ಗೋಡೆ, ಸುತ್ತಲಿನ ರಸ್ತೆಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ "ಸಾರಿ" ಎಂಬ ಒಂದೇ ಮಾತು. ಬೈಕಿನಲ್ಲಿ ಬಂದ ಇಬ್ಬರು ಸಿಸಿಟಿವಿಯಲ್ಲಿ ಸೆರೆಯಾಗಿದ್ದರು. ಯಾರು, ಯಾರಿಗೆ, ಯಾತಕ್ಕೆ ಕ್ಷಮೆ ಕೇಳಿದರು ಎಂದು ಇಡೀ ದೇಶ ಎರಡು ದಿನ ತಲೆ ಕೆಡಿಸಿಕೊಂಡಿತು. ಪ್ರೀತಿಯೇ ಇರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಮೆಟ್ಟಿಲು ತೊಳೆದವರ ಬಗ್ಗೆ ಮಾತ್ರ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಶಿಕ್ಷೆಯ ವಿಷಯದಲ್ಲಿ ನನಗೆ ಹಿಡಿಸಿದ್ದು ಹಂಪಿಯ ಪ್ರಕರಣ. ಕಂಬವೊಂದನ್ನು ಉರುಳಿಸಿದ ನಾಲ್ವರು ಯುವಕರಿಗೆ 2019ರ ಫೆಬ್ರವರಿಯಲ್ಲಿ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ, ಬಿದ್ದ ಕಂಬವನ್ನು ಅವರ ಕೈಯಲ್ಲೇ ಮತ್ತೆ ನಿಲ್ಲಿಸಿತು. ಬೋರ್‌ವೆಲ್‌ನವನನ್ನೂ ಕಾಲೇಜಿನ ಗೋಡೆಯ ಮುಂದೆ ಬ್ರಷ್ ಕೊಟ್ಟು ನಿಲ್ಲಿಸಬಹುದು. ಸೆರೆವಾಸ ಬೇಡ, ಸಾವಿರ ರೂಪಾಯಿಯೂ ಬೇಡ. ಗೋಡೆ ಪೂರ್ತಿ, ಒಂದು ಕೋಟು ಪ್ರೈಮರ್, ಎರಡು ಕೋಟು ಬಣ್ಣ, ಕಾಲೇಜು ಬಿಡುವ ಹೊತ್ತಿನಲ್ಲಿ.

ಅಲ್ಲಿಯವರೆಗೆ ನಮ್ಮ ಬೀದಿಯವರು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಟ್ಯಾಂಕಿನ ಗೋಡೆಗೆ ಬಳಿದ ಬಣ್ಣದ ಶೇಡ್ ಸಂಖ್ಯೆಯನ್ನು ಪಂಪ್‌ಹೌಸ್‌ನ ಮೀಟರ್ ಪೆಟ್ಟಿಗೆಯ ಒಳಮುಚ್ಚಳದ ಮೇಲೆ ಬರೆದಿಟ್ಟಿದ್ದೇವೆ. ಬೇರೆ ಶೇಡಿನ ತೇಪೆ ಹಾಕಿದರೆ ಇಲ್ಲಿ ಏನೋ ಬರೆದಿತ್ತು ಎಂದು ಗೋಡೆಯೇ ಸಾರುತ್ತದೆ, ಮುಂದಿನವನಿಗೆ ಚೌಕಟ್ಟು ಹಾಕಿಕೊಟ್ಟಂತೆ ಆಗುತ್ತದೆ. ಅದೇ ಬಣ್ಣದ ಒಂದು ಡಬ್ಬಿ, ರೋಲರ್ ದರ್ಜಿಯವರ ಅಂಗಡಿಯಲ್ಲಿ ಇರುತ್ತವೆ. ಗೀಚು ಕಂಡ ದಿನವೇ ಯಾರಾದರೊಬ್ಬರು ಹೋಗಿ ಬಳಿದು ಬರುತ್ತಾರೆ, ಹತ್ತು ನಿಮಿಷದ ಕೆಲಸ. ಈಚೆಗೆ ಗೀಚುವವರೂ ಕಡಿಮೆಯಾಗಿದ್ದಾರೆ. ಮೊನ್ನೆ ನಗರಸಭೆಯ ಆರೋಗ್ಯ ನಿರೀಕ್ಷಕರು ಫೋನ್ ಮಾಡಿ ಆ ಶೇಡ್ ಸಂಖ್ಯೆ ಕೇಳಿ ಬರೆದುಕೊಂಡರು. ಬಸ್ ನಿಲ್ದಾಣದ ಕಂಬಗಳಿಗೂ ಹೀಗೇ ಒಂದು ಡಬ್ಬಿ ಇಡುವ ಆಲೋಚನೆ ಇದೆಯಂತೆ, ಅದರ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕುವುದು ಎಂದು ಕಚೇರಿಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆಯಂತೆ.